ನಮ್ಮನ್ನೂ ದೇವರು ಕರೆಯುತ್ತಾರೆಯೇ?



ಒಂದು ಸಂಘದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿಸಿ ಟೀ ಕುಡಿಯುತ್ತಾ ಕುಳಿತಿದ್ದೆವು. ಸದಸ್ಯೆಯೊಬ್ಬರು ಕೇಳಿದರು: “ನಿಮಗೇನು ಸಿಸ್ಟರ್, ದೇವರು ಕರೆದ್ರು, ನೀವು ಹೋದ್ರಿ. ನಮ್ಮನ್ನ ಕರೆಯೋರು ಯಾರು? ಕುಕ್ಕರ್ ಕೂಗಿದ್ರೆ ಓಡ್ತೀವಿ, ಅತ್ತೆ ಕೂಗಿದ್ರೆ ಓಡ್ತೀವಿ, ಅಷ್ಟೇ.” ಎಲ್ಲರೂ ನಕ್ಕರು, ನಾವೂ ನಕ್ಕೆವು. ಆದರೆ ಆಕೆ ತಮಾಷೆಗೆ ಕೇಳಿರಲಿಲ್ಲ. ಒಕ್ಕೂಟದ ಲೆಕ್ಕ ಬರೆಯುವ ಜವಾಬ್ದಾರಿಗೆ ಎಲ್ಲರೂ ಅವರ ಹೆಸರನ್ನೇ ಹೇಳಿದ್ದರು. ಮನೆಯಲ್ಲಿ ನೋಡಿದರೆ ಲಕ್ವ ಹೊಡೆದು ಮಲಗಿದ ಅತ್ತೆ. “ಇದು ದೇವರ ಇಷ್ಟಾನಾ, ನನ್ನ ಆಸೆನಾ ಅಂತ ಗೊತ್ತಾಗ್ತಿಲ್ಲ” ಎಂದು ಆಮೇಲೆ ಬಸ್ ಸ್ಟಾಪಿನವರೆಗೂ ಬಂದು ಹೇಳಿದರು.

ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದವರೂ ಇದ್ದೀರಿ. ಕ್ರೈಸ್ತ ವಿಶ್ವಾಸದಲ್ಲಿ ‘ದೈವಕರೆ’ ಎಂದರೇನು, ಅದನ್ನು ಗುರುತಿಸುವುದು ಹೇಗೆ ಎಂದು ಇಲ್ಲಿ ಬರೆಯುತ್ತಿದ್ದೇವೆ. ಬೇರೆ ಧರ್ಮದ ಸಹೋದರಿಯರು ತಮಗೆ ಉಪಯೋಗವಾಗುವುದನ್ನು ತೆಗೆದುಕೊಳ್ಳಿ.

ದೈವಕರೆ ಎಂದರೆ ಗುರುಗಳಾಗುವುದು, ಸಿಸ್ಟರ್ ಆಗುವುದು ಎಂದೇ ಬಹಳ ಜನ ತಿಳಿದಿದ್ದಾರೆ. ಇದರಲ್ಲಿ ನಮ್ಮ ತಪ್ಪೂ ಇದೆ, ದೈವಕರೆಯ ಭಾನುವಾರ ಬಂದರೆ ನಾವು ಗುರುಮಠ, ಕಾನ್ವೆಂಟುಗಳ ಬಗ್ಗೆಯೇ ಮಾತನಾಡುತ್ತೇವೆ. ಆದರೆ ದ್ವಿತೀಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಧರ್ಮಸಭೆಯ ಬಗ್ಗೆ ಹೊರಡಿಸಿದ ದಾಖಲೆಯಲ್ಲಿ, ಪವಿತ್ರ ಜೀವನದ ಕರೆ ಯಾವ ಸ್ಥಿತಿಯಲ್ಲಿರುವ ವಿಶ್ವಾಸಿಗೂ ಇದೆ, ಮದುವೆಯಾದವರಿಗೂ, ವಿಧವೆಯರಿಗೂ, ದುಡಿದು ತಿನ್ನುವವರಿಗೂ ಇದೆ ಎಂದು ಸ್ಪಷ್ಟವಾಗಿ ಹೇಳಿದೆ. ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳಲ್ಲಿ ಲಿಡಿಯ ಎಂಬ ಹೆಂಗಸು ಬರುತ್ತಾಳೆ. ಆಕೆ ಬೆಲೆಬಾಳುವ ಕೆನ್ನೀಲಿ ಬಟ್ಟೆಯ ವ್ಯಾಪಾರಿ. ಸಂತ ಪೌಲರ ಬೋಧನೆ ಕೇಳಿ, ಮನೆಯವರೊಂದಿಗೆ ದೀಕ್ಷಾಸ್ನಾನ ಪಡೆದು, ಪೌಲರನ್ನೂ ಸಂಗಡಿಗರನ್ನೂ ಒತ್ತಾಯ ಮಾಡಿ ತನ್ನ ಮನೆಯಲ್ಲೇ ಉಳಿಸಿಕೊಂಡಳು. ವ್ಯಾಪಾರ ಬಿಟ್ಟಳು ಎಂದು ಎಲ್ಲೂ ಬರೆದಿಲ್ಲ.

ಸರಿ, ಕರೆ ಎಲ್ಲರಿಗೂ ಇದೆ. ಗುರುತಿಸುವುದು ಹೇಗೆ? ಇದಕ್ಕೆ ನಾವು ಒಬ್ಬ ಸೈನಿಕನ ಕಥೆ ಹೇಳಬೇಕು.

ಸ್ಪೇನ್ ದೇಶದ ಲೊಯೋಲದ ಇಗ್ನೇಷಿಯಸ್ ಹೆಸರು, ಕೀರ್ತಿ ಎಂದರೆ ಪ್ರಾಣ ಬಿಡುವ ಮನುಷ್ಯ. 1521ರ ಮೇ ತಿಂಗಳಲ್ಲಿ ಪಾಂಪ್ಲೋನ ಎಂಬ ಊರಿನ ಕೋಟೆಯಲ್ಲಿ ಹೋರಾಡುವಾಗ ಫಿರಂಗಿ ಗುಂಡು ಬಿದ್ದು ಕಾಲು ಮುರಿಯಿತು. ಅಣ್ಣ ಅತ್ತಿಗೆಯ ಮನೆಯಲ್ಲಿ ತಿಂಗಳುಗಟ್ಟಲೆ ಮಲಗಬೇಕಾಯಿತು. ಬೇಜಾರು ಕಳೆಯಲು ವೀರರ ಕಥೆಪುಸ್ತಕ ಕೇಳಿದರೆ ಮನೆಯಲ್ಲಿ ಇರಲಿಲ್ಲ. ಇದ್ದದ್ದು ಯೇಸುಸ್ವಾಮಿಯ ಚರಿತ್ರೆ ಮತ್ತು ಸಂತರ ಚರಿತ್ರೆ. ಅದನ್ನೇ ಓದಿದರು. ಓದದೆ ಇದ್ದಾಗ ಹಗಲುಗನಸು. ಒಂದು ಕನಸಿನಲ್ಲಿ ದೊಡ್ಡ ಮನೆತನದ ಒಬ್ಬ ಹೆಣ್ಣಿಗಾಗಿ ಸಾಹಸ ಮಾಡುವುದು. ಇನ್ನೊಂದರಲ್ಲಿ ಸಂತರ ಹಾಗೆ ಬದುಕುವುದು. ಎರಡೂ ಖುಷಿ ಕೊಡುತ್ತಿದ್ದವು. ನಿಧಾನವಾಗಿ ಅವರು ಒಂದು ವ್ಯತ್ಯಾಸ ಕಂಡರು. ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗಿ ಹೋಗುತ್ತಿತ್ತು. ಎರಡನೆಯದು ಮುಗಿದ ಮೇಲೂ ಸಂತೋಷ ಉಳಿಯುತ್ತಿತ್ತು.

ಇಷ್ಟೇ. ಆಕಾಶವಾಣಿ ಇಲ್ಲ, ಬೆಳಕು ಇಲ್ಲ. ಆಗುವಾಗ ಎಷ್ಟು ಖುಷಿ ಎಂದು ನೋಡಬೇಡ, ಆಮೇಲೆ ಏನು ಉಳಿಯುತ್ತದೆ ಎಂದು ನೋಡು. ಧ್ಯಾನಕೂಟದಲ್ಲಿ ಅತ್ತು, ಹಾಡಿ, ‘ಎಲ್ಲಾ ಬಿಟ್ಟು ಸೇವೆಗೆ ಹೋಗ್ತೀನಿ’ ಎಂದು ಬಂದವರಿಗೆ ಸೋಮವಾರ ಬೆಳಿಗ್ಗೆ ನಲ್ಲಿ ನೀರಿನ ಸರದಿಯಲ್ಲಿ ನಿಂತಾಗ ಅದು ಉಳಿದಿದೆಯೋ ಇಲ್ಲವೋ ಗೊತ್ತಾಗುತ್ತದೆ. ಉಳಿದಿದ್ದರೆ ಅದಕ್ಕೆ ಕಿವಿ ಕೊಡಬೇಕು.

ಇಗ್ನೇಷಿಯಸರು ಮುಂದೆ ತಮ್ಮ ಅನುಭವವನ್ನು ಬರೆದಿಟ್ಟರು. ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಆ ಪುಸ್ತಕಕ್ಕೆ 1548ರಲ್ಲಿ ಪೋಪರ ಒಪ್ಪಿಗೆ ಸಿಕ್ಕಿತು. ಅದರಲ್ಲಿರುವ ಕೆಲವು ವಿಧಾನಗಳು ಸಂಘದ ಮಹಿಳೆಯರಿಗೇ ಹೇಳಿದ ಹಾಗಿವೆ. ಈ ಕೆಲಸ ಒಪ್ಪಿದರೆ ಲಾಭವೇನು, ತೊಂದರೆ ಏನು, ಒಪ್ಪದಿದ್ದರೆ ಲಾಭವೇನು, ತೊಂದರೆ ಏನು ಎಂದು ಬೇರೆ ಬೇರೆಯಾಗಿ ತೂಗಿ ನೋಡಬೇಕು. ಅದರಲ್ಲಿಯೂ ನನ್ನ ಲಾಭ ಮಾತ್ರ ಅಲ್ಲ, ದೇವರ ಸೇವೆಗೆ ಯಾವುದು ಹೆಚ್ಚು ಎಂದು ನೋಡಬೇಕು. ಇಷ್ಟಾದರೂ ಗೊತ್ತಾಗದಿದ್ದರೆ, ಮುಖಪರಿಚಯವೂ ಇಲ್ಲದ ಒಬ್ಬರು ಬಂದು ಇದೇ ಪ್ರಶ್ನೆ ಕೇಳಿದರೆ ಏನು ಹೇಳುತ್ತಿದ್ದೆ ಎಂದು ಯೋಚಿಸಬೇಕು. ನಮಗೆ ಇದು ಬಹಳ ಇಷ್ಟ. ಬೇರೆಯವರ ಮಗಳಿಗೆ ಸರಿಯಾದ ಬುದ್ಧಿ ಹೇಳುವ ನಾವು ನಮಗೆ ಮಾತ್ರ ಹೇಳಿಕೊಳ್ಳುವುದಿಲ್ಲ. ಸಾಯುವ ಹೊತ್ತಿನಲ್ಲಿ ಹಿಂತಿರುಗಿ ನೋಡಿದರೆ ಯಾವ ತೀರ್ಮಾನ ಮಾಡಿರಬೇಕಿತ್ತು ಅನ್ನಿಸುತ್ತದೆ ಎಂದೂ ಕೇಳಿಕೊಳ್ಳಲು ಹೇಳುತ್ತಾರೆ. ಇನ್ನೊಂದು ಮುಖ್ಯ ನಿಯಮ: ಮನಸ್ಸು ಕುಗ್ಗಿ ಕತ್ತಲಾಗಿರುವಾಗ ಮೊದಲು ಮಾಡಿದ ಒಳ್ಳೆಯ ತೀರ್ಮಾನವನ್ನು ಬದಲಾಯಿಸಬಾರದು. ಜಗಳವಾದ ರಾತ್ರಿ ‘ನಾಳೆಯಿಂದ ಸಂಘ ಬಿಡ್ತೀನಿ’ ಅನ್ನುವವರು ಇದನ್ನು ನೆನಪಿಡಿ.

ಕಾಯುವುದೂ ಕರೆಯ ಭಾಗವೇ. ಮದರ್ ತೆರೇಸಾ 1929ರಿಂದ ಭಾರತದಲ್ಲಿದ್ದರು, ಕಲ್ಕತ್ತಾದಲ್ಲಿ ಲೊರೆಟೊ ಸಭೆಯ ಶಾಲೆಯಲ್ಲಿ ಟೀಚರ್. 1946ರ ಸೆಪ್ಟೆಂಬರ್ 10ರಂದು ಡಾರ್ಜಿಲಿಂಗ್‌ಗೆ ಹೋಗುವ ರೈಲಿನಲ್ಲಿ, ಕಾನ್ವೆಂಟ್ ಬಿಟ್ಟು ಬಡವರ ಮಧ್ಯೆ ಬದುಕಬೇಕೆಂಬ ಕರೆ ಅವರಿಗೆ ಬಂತು. ಮಾರನೇ ದಿನವೇ ಹೊರಟುಬಿಟ್ಟರೇ? ಇಲ್ಲ. ತಮ್ಮ ಆತ್ಮಿಕ ಗುರುಗಳಿಗೆ ಹೇಳಿದರು, ಮಹಾಧರ್ಮಾಧ್ಯಕ್ಷರಿಗೆ ಪತ್ರದ ಮೇಲೆ ಪತ್ರ ಬರೆದರು. ಅವರು ಆತುರಪಡಲಿಲ್ಲ, ಕಾಯಲು ಹೇಳಿದರು. ಅನುಮತಿ ಬಂದು ಕಾನ್ವೆಂಟಿನಿಂದ ಹೊರಗೆ ಕಾಲಿಟ್ಟದ್ದು 1948ರ ಆಗಸ್ಟ್‌ನಲ್ಲಿ. ಆಗಲೂ ಮೊದಲು ಪಾಟ್ನಾಗೆ ಹೋಗಿ ರೋಗಿಗಳ ಆರೈಕೆ ಕಲಿತರು. ಡಿಸೆಂಬರ್‌ನಲ್ಲಿ ಕೊಳೆಗೇರಿಗೆ ಹೋದರು. ಆ ಮೇಲಿನ ವರ್ಷಗಳಲ್ಲಿ ದೇವರು ಹತ್ತಿರವಿದ್ದಾರೆ ಎಂಬ ಅನುಭವವೇ ಇಲ್ಲದೆ ಬಹುಕಾಲ ಕೆಲಸ ಮಾಡಿದರು ಎಂಬುದು 2007ರಲ್ಲಿ ಅವರ ಪತ್ರಗಳು ಪ್ರಕಟವಾದಾಗ ಎಲ್ಲರಿಗೂ ತಿಳಿಯಿತು. ಕರೆ ಸಿಕ್ಕಿದ ಮೇಲೆ ಮನಸ್ಸು ಯಾವಾಗಲೂ ಹಗುರವಾಗಿರುತ್ತದೆ ಎಂದು ಯಾರೂ ತಿಳಿಯಬೇಡಿ.

ಈಗ ನಮ್ಮ ಒಂದು ತಪ್ಪು ಹೇಳಬೇಕು. ಕೆಲವು ವರ್ಷಗಳ ಹಿಂದೆ ಪಿಯುಸಿ ಮುಗಿಸಿದ ಒಬ್ಬ ಹುಡುಗಿ, ಪ್ರಾರ್ಥನೆ, ಹಾಡು, ಸೇವೆ ಎಲ್ಲದರಲ್ಲೂ ಮುಂದು. ‘ನಿನಗೆ ದೈವಕರೆ ಇದೆ’ ಎಂದು ನಾವೇ ಹೇಳಿಬಿಟ್ಟೆವು. ಅವಳು ಏನು ಹೇಳುತ್ತಾಳೆ ಎಂದು ಕೂತು ಕೇಳಲಿಲ್ಲ. ಎರಡು ವರ್ಷಕ್ಕೆ ಅವಳು ಮನೆಗೆ ಹಿಂತಿರುಗಿದಳು. ಊರಲ್ಲಿ ‘ಓಡಿ ಬಂದಳು’ ಎಂದರು. ತಾಯಿ ಚರ್ಚಿಗೆ ಬರುವುದನ್ನೇ ಕಡಿಮೆ ಮಾಡಿದರು. ನಾವು ಆ ಮನೆಗೆ ಹೋಗಿ ಕ್ಷಮೆ ಕೇಳಿದ್ದು ಬಹಳ ತಡವಾಗಿ.

ತಾಯಂದಿರು ತಿಳಿದಿರಬೇಕು: ಕಾನ್ವೆಂಟಿನ ತರಬೇತಿ ಇರುವುದೇ ಪರೀಕ್ಷಿಸಿ ನೋಡುವುದಕ್ಕೆ. ಧರ್ಮಸಭೆಯ ಕಾನೂನಿನಂತೆ ನೊವಿಷಿಯೇಟ್ ಕಡೇಪಕ್ಷ 12 ತಿಂಗಳು, ಆಮೇಲೆ ತಾತ್ಕಾಲಿಕ ವ್ರತ ಕಡೇಪಕ್ಷ 3 ವರ್ಷ. 17 ವರ್ಷ ತುಂಬದೆ ನೊವಿಷಿಯೇಟಿಗೆ ಸೇರಿಸುವಂತಿಲ್ಲ. ಒತ್ತಾಯ, ಭಯ ಅಥವಾ ಮೋಸದಿಂದ ಸೇರಿದರೆ ಆ ಸೇರ್ಪಡೆ ಸಿಂಧುವೇ ಅಲ್ಲ. ಮಧ್ಯೆ ಹಿಂತಿರುಗಿದ ಮಗಳು ಸೋತು ಬಂದವಳಲ್ಲ, ಅವಳು ಗುರುತಿಸುವ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿದವಳು.

ಇನ್ನೊಂದು ವಿಷಯ ಗಟ್ಟಿಯಾಗಿಯೇ ಹೇಳುತ್ತೇವೆ. “ಗಂಡ ಹೊಡೀತಾನೆ, ಏನ್ ಮಾಡೋದು, ನನಗೆ ದೇವರು ಕೊಟ್ಟ ಶಿಲುಬೆ” ಎಂದು ಸಭೆಯಲ್ಲಿ ಕಣ್ಣೊರೆಸಿಕೊಂಡವರಿದ್ದಾರೆ. ಹೊಡೆತ ತಿನ್ನುವುದು ಯಾರಿಗೂ ದೈವಕರೆಯಲ್ಲ. ಮನೆಯಲ್ಲಿ ಅಪಾಯವಿದ್ದಾಗ ಬೇರೆ ಇರಲು ಧರ್ಮಸಭೆಯ ಕಾನೂನೇ ಅವಕಾಶ ಕೊಡುತ್ತದೆ. ಕುಟುಂಬದ ಬಗ್ಗೆ ಪೋಪ್ ಫ್ರಾನ್ಸಿಸ್ 2016ರಲ್ಲಿ ಬರೆದ ಪತ್ರದಲ್ಲಿ, ಹೆಂಡತಿ ಮಕ್ಕಳನ್ನು ಹಿಂಸೆಯಿಂದ ಕಾಪಾಡಲು ಬೇರೆಯಾಗುವುದು ಕೆಲವೊಮ್ಮೆ ಅಗತ್ಯವೇ ಆಗುತ್ತದೆ ಎಂದಿದ್ದಾರೆ. ನಮ್ಮ ದೇಶದಲ್ಲಿ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇದೆ. ಮಹಿಳಾ ಸಹಾಯವಾಣಿ 181 ಇದೆ. ಸಂಘದಲ್ಲಿ ಬಾಯಿಬಿಟ್ಟು ಹೇಳಿ.

ಪ್ರಶ್ನೆ ಕೇಳಿದರೆ ದೇವರಿಗೆ ಕೋಪ ಬರುವುದಿಲ್ಲವೇ ಎನ್ನುತ್ತೀರಾ? ಮಾತೆ ಮರಿಯಮ್ಮನವರೇ ದೇವದೂತನಿಗೆ ‘ಇದು ಹೇಗೆ ಆಗುತ್ತದೆ’ ಎಂದು ಕೇಳಿದರು. ಉತ್ತರ ಸಿಕ್ಕಿದ ಮೇಲೆ ಒಪ್ಪಿದರು. ಒಪ್ಪಿದ ಮೇಲೆ ಒಬ್ಬರೇ ಮನೆಯಲ್ಲಿ ಕೂರದೆ ಬಂಧುವಾದ ಎಲಿಜಬೇತಮ್ಮನವರ ಮನೆಗೆ ಬೇಗನೆ ಹೋದರು.

ಬಸ್ ಸ್ಟಾಪಿನವರೆಗೆ ಬಂದ ಆ ಸದಸ್ಯೆಗೆ ನಾವು ‘ಹೂಂ’ ಎಂದೂ ಹೇಳಲಿಲ್ಲ, ‘ಬೇಡ’ ಎಂದೂ ಹೇಳಲಿಲ್ಲ. ಉಳಿತಾಯ ಬರೆಯುವ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಗೆರೆ ಹಾಕಿ ಬರೆಯಲು ಹೇಳಿದೆವು. ಎರಡು ವಾರ, ದಿನಾ ರಾತ್ರಿ ಮಲಗುವ ಮುಂಚೆ ಐದು ನಿಮಿಷ. ತೊಂದರೆಯ ಕಡೆಯಲ್ಲಿ ಅತ್ತೆಯದೇ ನಾಲ್ಕು ಸಾಲು ಇತ್ತಂತೆ. ಆ ನಾಲ್ಕು ಸಾಲನ್ನು ಗಂಡನಿಗೆ ಓದಿ ಹೇಳಿದರು. ಗಂಡ ತಂಗಿಗೆ ಫೋನ್ ಮಾಡಿದರು. ಈಗ ವಾರದಲ್ಲಿ ಎರಡು ದಿನ ನಾದಿನಿ ಬಂದು ತಾಯಿಯನ್ನು ನೋಡಿಕೊಳ್ಳುತ್ತಾರೆ, ಆ ಎರಡು ದಿನ ಇವರು ಒಕ್ಕೂಟದ ಲೆಕ್ಕ ಬರೆಯುತ್ತಾರೆ. ಆರು ತಿಂಗಳಿಗೆ ಮಾತ್ರ ಒಪ್ಪಿಕೊಂಡಿದ್ದಾರೆ. ಮೊದಲ ತಿಂಗಳು ನಲವತ್ತು ರೂಪಾಯಿ ತಾಳೆಯಾಗದೆ ರಾತ್ರಿ ಹನ್ನೊಂದರವರೆಗೆ ಕೂತಿದ್ದರಂತೆ. “ಸಿಟ್ಟು ಬಂತು ಸಿಸ್ಟರ್, ಆದ್ರೆ ಬಿಡೋಣ ಅನ್ನಿಸಲಿಲ್ಲ” ಎಂದರು. ಆರು ತಿಂಗಳಾದ ಮೇಲೆ ಆ ಹಿಂದಿನ ಪುಟವನ್ನು ಇಬ್ಬರೂ ಕೂತು ಮತ್ತೆ ಓದೋಣ ಎಂದು ಮಾತಾಗಿದೆ.