ಕೊಂಬುಳ್ಳ ನೀರುಕಾಯಿ

ಪರಸ್ಥಳದಲ್ಲಿ ಸಂಸಾರ ಹೂಡಿರುವ ನಮಗೆ ಹೊಸ ಹೊಸ ಕಾಯಿಪಲ್ಯಗಳ ಪರಿಚಯ ಆಗುತ್ತಲೇ ಇರುತ್ತದೆ. ಆದರೂ ಹಾಂಗ್‌ಕಾಂಗಿನಿಂದಲೋ ಸಿಂಗಪುರದಿಂದಲೋ ಬಂದ ನೆಂಟರು ಕಪ್ಪಗೆ, ಗಟ್ಟಿಯಾಗಿ, ಎಮ್ಮೆಯ ತಲೆಯಂತೆ ಎರಡು ಬಾಗಿದ ಕೊಂಬುಗಳಿರುವ ಕಾಯೊಂದನ್ನು ಕೈಯಲ್ಲಿಟ್ಟರೆ ಎಂಥ ಗೃಹಿಣಿಯೂ ಬೆರಗಾಗದಿರಳು. ಇದು ತಿನ್ನುವ ವಸ್ತುವೇ?

ತಿನ್ನುವ ವಸ್ತುವೇ ಹೌದು. ಚೀನೀಯರು ಇದನ್ನು ‘ಲಿಂಗ್ ಜಿಯಾವೊ’ ಎನ್ನುತ್ತಾರೆ. ‘ಜಿಯಾವೊ’ ಎಂದರೆ ಕೊಂಬು. ಇದರ ಗಿಡ ಕೆರೆಕುಂಟೆಗಳ ಮೇಲೆ ತೇಲುತ್ತದೆ. ಕಾಯಿ ಎಲೆಗಳಡಿ ನೀರಿನಲ್ಲಿ ಬೆಳೆಯುತ್ತದೆ. ಚೀನೀ ಪಂಚಾಂಗದ ಎಂಟನೆಯ ತಿಂಗಳ ಹುಣ್ಣಿಮೆಯ ಹಬ್ಬಕ್ಕೆ ದಕ್ಷಿಣ ಚೀನದಲ್ಲಿ ಇದನ್ನು ಬೇಯಿಸಿ ತಿನ್ನುವ ವಾಡಿಕೆ ಉಂಟು. ಜಿಯಾಶಿಂಗ್ ಊರಿನ ಸರೋವರದಲ್ಲಿ ಕೊಂಬೇ ಇಲ್ಲದ ಒಂದು ಬಗೆ ಹೆಸರುವಾಸಿ.

ದೆಹಲಿಯ ಕನ್ನಡಿಗರು ಇಷ್ಟರಲ್ಲೇ ಗುರುತು ಹಿಡಿದಿರಬಹುದು. ಚಳಿ ಕಾಲಿಡುವಾಗ ಗಾಡಿಗಳಲ್ಲಿ ಮಾರುವ ಸಿಂಘಾಡ ಇದರ ಹತ್ತಿರದ ಬಂಧು. ಸಂಸ್ಕೃತದ ‘ಶೃಂಗಾಟಕ’ವೇ ಸಿಂಘಾಡವಾಯಿತು, ಶೃಂಗವೆಂದರೂ ಕೊಂಬೇ. ನವರಾತ್ರಿಯ ಉಪವಾಸಕ್ಕೆ ಉತ್ತರದವರು ಬಳಸುವ ಹಿಟ್ಟೂ ಇದರದೇ.

ಹೆಸರು ಮಾತ್ರ ನಮ್ಮನ್ನು ದಾರಿ ತಪ್ಪಿಸುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೂ ‘ವಾಟರ್ ಚೆಸ್ಟ್‌ನಟ್’, ಚೀನೀಯರ ‘ಮಾಟಿ’ಗೂ ಅದೇ ಹೆಸರು. ‘ಮಾಟಿ’ ಎಂದರೆ ಕುದುರೆಯ ಗೊರಸು. ಅದು ಕಾಯಲ್ಲ, ಕೆಸರಿನೊಳಗೆ ಬೆಳೆಯುವ, ಜೊಂಡಿನ ಜಾತಿಯ ಗಡ್ಡೆ. ಸಣ್ಣ ಈರುಳ್ಳಿಯಷ್ಟು ಗಾತ್ರ, ಕಂದು ಸಿಪ್ಪೆ, ಮೈಮೇಲೆ ಉಂಗುರದ ಗೆರೆಗಳು. ಬೇಯಿಸಿದರೂ ಕರುಂಕುರುಂ ಎನ್ನುತ್ತದೆ. ಡಬ್ಬಿಯಲ್ಲಿ ಹೋಳಾಗಿ ಬರುವುದು ಇದೇ. ಕೊಂಬಿನ ಕಾಯಾದರೋ ಬೆಂದರೆ ಹಿಟ್ಟುಹಿಟ್ಟಾಗುತ್ತದೆ. ಆದ್ದರಿಂದ ಹೆಸರು ಕೇಳಿ ಕೊಳ್ಳದೆ, ಕಣ್ಣಿಂದ ನೋಡಿ ಕೊಳ್ಳುವುದು ಲೇಸು.

ಇನ್ನು ಮುಖ್ಯವಾದ ಮಾತು. ಹಸಿಯ ಕಾಯನ್ನು ಹಲ್ಲಿನಿಂದ ಕಚ್ಚಿ ಸುಲಿಯುವ ಅಭ್ಯಾಸ ಮಕ್ಕಳಿಗೆ ಬೇಡ. ಹಂದಿ ಮತ್ತು ಮನುಷ್ಯರ ಕರುಳಿನಲ್ಲಿ ವಾಸಿಸುವ ಒಂದು ಚಪ್ಪಟೆ ಹುಳುವಿನ ಮರಿಗಳು ಇಂಥ ನೀರುಗಿಡಗಳ ಸಿಪ್ಪೆಗೆ ಅಂಟಿಕೊಂಡಿರುತ್ತವೆ. ಚೀನದಲ್ಲಷ್ಟೇ ಅಲ್ಲ, ಬಿಹಾರ, ಉತ್ತರ ಪ್ರದೇಶಗಳಲ್ಲೂ ಈ ರೋಗ ಕಂಡುಬಂದಿದೆ. ಹುಳು ಹೆಚ್ಚಾದರೆ ಹೊಟ್ಟೆನೋವು, ಭೇದಿ, ಮೈ ಊತ. ಕುದಿಯುವ ನೀರಿಗೆ ಮಾತ್ರ ಈ ಮರಿಗಳು ಉಳಿಯವು. ಸಿಂಘಾಡಕ್ಕೂ ಇದೇ ನಿಯಮ.

ಮಾಡುವ ಬಗೆ ಸುಲಭ. ಕಾಯನ್ನು ತಿಕ್ಕಿ ತೊಳೆದು, ಮುಳುಗುವಷ್ಟು ಉಪ್ಪುನೀರಿನಲ್ಲಿ ಅರ್ಧ ಗಂಟೆಗೆ ಕಡಮೆಯಿಲ್ಲದಂತೆ ಕುದಿಸಬೇಕು. ಆರಿದ ಮೇಲೆ ಭಾರವಾದ ಕತ್ತಿಯಿಂದ ನಡುವೆ ಸೀಳಿದರೆ ಬಿಳಿಯ ತಿರುಳು ದೊರೆಯುತ್ತದೆ. ಹಾಗೆಯೇ ತಿನ್ನಬಹುದು. ಇಲ್ಲವೆ ಸಾಸಿವೆ, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಕೊಟ್ಟು, ಕಾಯಿತುರಿ ಉದುರಿಸಿ ಪಲ್ಯ ಮಾಡಬಹುದು. ಚೀನದ ಕಾಯಿಗೆ ನಮ್ಮ ಒಗ್ಗರಣೆ ಒಗ್ಗದೆ ಇರದು.