ಎರೆನೆಲವು ಬಾಯ್ದೆರೆಯುವುದೇಕೆ?

ನವಲಗುಂದ, ವಿಜಯಪುರಗಳ ಕಡೆಯಿಂದ ಬಂದ ನಮ್ಮ ವಾಚಕರಿಗೆ ವೈಶಾಖದ ಹೊಲವನ್ನು ವರ್ಣಿಸಿ ಹೇಳಬೇಕಾದುದಿಲ್ಲ. ಗಜದುದ್ದದ ಕೋಲನ್ನು ನುಂಗುವಂತಹ ಬಿರುಕುಗಳು ಅಲ್ಲಿ ನೆಲವನ್ನೆಲ್ಲ ಸೀಳಿರುತ್ತವೆ. ಕರಾವಳಿಯ ಬಂಧುಗಳಿಗೆ ಮಾತ್ರ ಇದು ಅಚ್ಚರಿ. ಅವರ ಕೆಂಪು ಮುರಕಲ್ಲಿನ ನೆಲ ಬಿಸಿಲಿಗೆ ಎಷ್ಟು ಕಾದರೂ ಹೀಗೆ ಬಾಯ್ದೆರೆಯದು.

ಎರೆಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಅಂಶ ಹೆಚ್ಚು. ಅದರ ಕಣವು ಮರಳಿನಂತೆ ಕಾಳಲ್ಲ. ಗುಮಾಸ್ತರ ಮೇಜಿನ ಮೇಲಿನ ಕಾಗದದ ಕಂತೆಯಂತೆ ಹಾಳೆಗಳ ಕಟ್ಟು. ಒಂದು ಹಾಳೆಯ ದಪ್ಪ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಮಳೆಯಾದಾಗ ನೀರು ಹಾಳೆಗಳ ನಡುವೆ ಹೊಕ್ಕು ಕಟ್ಟು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಕರಾವಳಿಯ ಮಣ್ಣಿನ ಕೆಯೊಲಿನೈಟ್ ಹಾಳೆಗಳಾದರೋ ಪರಸ್ಪರ ಬಿಗಿದುಕೊಂಡಿವೆ. ಅಲ್ಲಿ ನೀರಿಗೆ ಪ್ರವೇಶವಿಲ್ಲ.

ಕುಗ್ಗಿದ ಮಾತ್ರಕ್ಕೆ ಸೀಳಬೇಕೇಕೆ? ಕಣಗಳ ಸಂದುಗಳಲ್ಲಿ ಉಳಿದ ಅಲ್ಪ ನೀರು ಅವುಗಳನ್ನು ಒಂದನ್ನೊಂದರತ್ತ ಸೆಳೆಯುತ್ತದೆ. ಸಂದು ಕಿರಿದಾದಷ್ಟೂ ಸೆಳೆತ ಹಿರಿದು. ಮೇಲ್ಪದರವು ಮೊದಲು ಒಣಗಿ ಕುಗ್ಗಲೆಳಸುತ್ತದೆ. ಕೆಳಗಿನ ಹಸಿಯ ಪದರವು ಕುಗ್ಗದೆ ಅದನ್ನು ಹಿಡಿದಿಟ್ಟಿರುತ್ತದೆ. ಈ ಜಗ್ಗಾಟದಲ್ಲಿ ದುರ್ಬಲವಾದೆಡೆಯಲ್ಲಿ ನೆಲ ಹರಿಯುತ್ತದೆ. ಹರಿದ ಬಾಯಿಯಿಂದ ಗಾಳಿ ಒಳಹೊಕ್ಕು ಕೆಳಗಿನದನ್ನೂ ಒಣಗಿಸುವುದರಿಂದ ಬಿರುಕು ಇಳಿಯುತ್ತಲೇ ಹೋಗುತ್ತದೆ. ಹಿಂಗಾರಿ ಜೋಳದ ಸಾಲುಗಳಲ್ಲಿ ರೈತನು ಎಡೆಕುಂಟೆ ಹೊಡೆದು ಬಿರುಕು ಮುಚ್ಚುವುದು ನೆಲದ ತೇವವನ್ನು ಕಾಯುವುದಕ್ಕಾಗಿಯೇ.

ಹೊಲಕ್ಕೆ ಇದು ಸಹ್ಯ, ಮನೆಗೆ ಅಲ್ಲ. ಖಾನಾವಳಿಯ ಊಟದಲ್ಲಿ ದಿನ ಕಳೆದು ಉಳಿಸಿದ ಹಣದಿಂದ ಊರಲ್ಲಿ ಮನೆ ಕಟ್ಟಿಸಿದ ಮಿತ್ರರೊಬ್ಬರು, ಮೂರನೆಯ ಬೇಸಿಗೆಯಲ್ಲಿ, ಗೋಡೆಯ ಮೂಲೆಯ ಸೀಳಿನಲ್ಲಿ ಬೆರಳು ತೂರಿಸಿ ನಮಗೆ ತೋರಿಸಿದರು. ಮೇಸ್ತ್ರಿಯನ್ನು ಬಯ್ದರು, ಗಾರೆ ಮೆತ್ತಿಸಿದರು. ಮಳೆಗಾಲದಲ್ಲಿ ಅಡಗಿದ ಸೀಳು ಬೇಸಿಗೆಗೆ ಮರಳಿತು. ಗೋಡೆ ಪಾಪ ಏನು ಮಾಡೀತು? ಋತುವಿನೊಡನೆ ಏರಿಳಿಯುವ ಪದರದಲ್ಲಿಯೇ ಪಾಯ ನಿಂತಿತ್ತು.

ರೂಡಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು 1950ರ ದಶಕದಲ್ಲಿ, ಬುಡದಲ್ಲಿ ಗಡ್ಡೆಯಂತೆ ದಪ್ಪನಾದ ಕಾಂಕ್ರೀಟ್ ಕಂಬಗಳ ಪಾಯವನ್ನು ಇಂತಹ ನೆಲಕ್ಕಾಗಿ ರೂಪಿಸಿತು. ಸಾಮಾನ್ಯವಾಗಿ 3.5 ಮೀಟರಿನಷ್ಟು ಇಳಿದು ಅವು ಕದಲದ ಪದರವನ್ನು ಹಿಡಿಯುತ್ತವೆ. ಮುಂಬಯಿ ಐ.ಐ.ಟಿ.ಯ ಪ್ರೊ. ಆರ್. ಕೆ. ಕಟ್ಟಿಯವರು ಎರೆಯ ಮೇಲೆ ಉಬ್ಬದ ಮಣ್ಣಿನ ಪದರವನ್ನು ಹಾಸುವ ಕ್ರಮವನ್ನು ತೋರಿಸಿಕೊಟ್ಟರು. ಮಲಪ್ರಭಾ ಕಾಲುವೆಯಲ್ಲಿ ಅದು ಬಳಕೆಗೆ ಬಂದಿತು.

ಊರಿಗೆ ಹಣ ಕಳುಹಿಸುವ ಮೊದಲು ನಿವೇಶನದಲ್ಲಿ ಒಂದು ಗುಂಡಿ ತೋಡಿಸಿ, ಎರೆಯ ಆಳವೆಷ್ಟೆಂದು ಕೇಳಿ ತಿಳಿಯಿರಿ. ಎರಡು ಮೂರು ಅಡಿಗಳಲ್ಲಿ ಗಟ್ಟಿ ಗರಸು ಸಿಕ್ಕರೆ ಪಾಯವನ್ನು ಅಲ್ಲಿಯವರೆಗೆ ಇಳಿಸಿದರಾಯಿತು. ಸಿಗದಿದ್ದರೆ ಇಂಜಿನಿಯರರನ್ನು ಕಾಣದೆ ಗುದ್ದಲಿಪೂಜೆಗೆ ಮುಹೂರ್ತ ನೋಡಿಸಬೇಡಿರಿ.