ಟೆಂಪೊ ಕೊಳ್ಳುವ ಮುನ್ನ ಹೊರೆ ತೂಗಿ ನೋಡಿ



2025ರ ದೀಪಾವಳಿ ಕಳೆದ ವಾರ ನನ್ನ ತಂಗಿಯ ಮಗ ನಮ್ಮ ಮನೆಗೆ ಬಂದ. ವಡಾಲದಲ್ಲೇ ಹುಟ್ಟಿ, ಇಲ್ಲಿನ ಕನ್ನಡ ಶಾಲೆಯಲ್ಲೇ ಕಲಿತ ಹುಡುಗ. ಅವನ ಕೈಯಲ್ಲಿ ಎರಡು ಬಣ್ಣದ ಹೊತ್ತಗೆಗಳಿದ್ದವು. ಒಂದರಲ್ಲಿ ಬೆಟ್ಟದ ತುದಿಯಲ್ಲಿ ನಿಂತ ದೊಡ್ಡ ಪಿಕಪ್ ಟ್ರಕ್ಕು, ಇನ್ನೊಂದರಲ್ಲಿ ತರಕಾರಿ ಬುಟ್ಟಿ ತುಂಬಿದ ಪುಟ್ಟ ಟೆಂಪೊ.

"ಮಾಮಾ, ಅಪ್ಪ ಹೊಟೇಲಿನ ಪಾಲು ಬಿಟ್ಟುಕೊಟ್ಟ ಹಣ ಬಂದಿದೆ. ದೋಸೆ ಹಿಟ್ಟು, ಇಡ್ಲಿ ಹಿಟ್ಟು ಮಾಡಿ ಹೊಟೇಲುಗಳಿಗೆ, ಕ್ಯಾಂಟೀನುಗಳಿಗೆ ಮುಟ್ಟಿಸುವ ಕೆಲಸ ಶುರು ಮಾಡುತ್ತೇನೆ. ಗಾಡಿ ಯಾವುದು ತೆಗೆದುಕೊಳ್ಳಲಿ? ಕೊಳ್ಳುವುದಾದರೆ ಟಾಪ್ ಮಾಡೆಲ್, ಫೋರ್‌ವೀಲ್ ಡ್ರೈವ್ ಕೊಳ್ಳೋಣ ಅಂತ ಮನಸ್ಸು. ಊರಿಗೂ ಹೋಗಬಹುದಲ್ಲ!"

ಭಾವ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಗಲ್ಲಾದಲ್ಲಿ ಕುಳಿತು ಗಳಿಸಿದ ಹಣ ಅದು. ನನಗೆ ನನ್ನದೇ ಹಳೆಯ ಕಥೆ ನೆನಪಾಯಿತು. 1991ರಲ್ಲಿ ನಾನೂ ಒಬ್ಬ ಗೆಳೆಯನೂ ಸೇರಿ ಕೇಟರಿಂಗ್ ಕೆಲಸಕ್ಕೆಂದು ಹಳೆಯದೊಂದು ದೊಡ್ಡ ವ್ಯಾನು ಕೊಂಡಿದ್ದೆವು. ವಾರದಲ್ಲಿ ಐದು ದಿನ ಅದು ಅರ್ಧ ಖಾಲಿಯೇ ಓಡುತ್ತಿತ್ತು. ಮೂರನೆಯ ವರ್ಷ ಮಾರಿದಾಗ ಕೈಗೆ ಬಂದ ಹಣ ಸಾಲಕ್ಕೆ ಸಾಲದೆ, ಮನೆಯವಳ ಎರಡು ಬಳೆ ಅಡವು ಹೋದವು. ತಪ್ಪು ವ್ಯಾನಿನದಲ್ಲ, ಲೆಕ್ಕ ಹಾಕದೆ ಕೊಂಡ ನಮ್ಮದು. ಆ ಪಾಠವನ್ನು ಅಳಿಯನಿಗೆ ಹೇಳಿದೆ. ಗಾಡಿ ಕೊಳ್ಳುವ ಯೋಚನೆಯಲ್ಲಿರುವ ನಿಮಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಟೆಂಪೊ ಬಂದ ದಾರಿ

ಮುಂಬಯಿಯಲ್ಲಿ ಸಾಮಾನು ಸಾಗಿಸುವ ಸಣ್ಣ ಗಾಡಿ ಯಾವುದಿದ್ದರೂ ನಾವು ಕರೆಯುವುದು ಟೆಂಪೊ ಎಂದೇ. ಅದು ಜರ್ಮನಿಯ ಹ್ಯಾಂಬರ್ಗಿನ ಒಂದು ಕಂಪನಿಯ ಗಾಡಿಗಳ ಹೆಸರು. 1958ರಲ್ಲಿ ಫಿರೋದಿಯಾ ಅವರು ಬಜಾಜ್ ಟೆಂಪೊ ಕಂಪನಿ ಕಟ್ಟಿ, ಆ ಗಾಡಿಯನ್ನು ಇಲ್ಲಿಯೇ ತಯಾರಿಸತೊಡಗಿದರು. ಆ ಕಂಪನಿ 2005ರಲ್ಲಿ ಫೋರ್ಸ್ ಮೋಟರ್ಸ್ ಆಯಿತು. ಕಂಪನಿಯ ಹೆಸರು ಬದಲಾದರೂ ನಮ್ಮ ಬಾಯಲ್ಲಿ ಟೆಂಪೊ ಉಳಿಯಿತು.

ಅದೇ 2005ರ ಮೇ ತಿಂಗಳಲ್ಲಿ ಟಾಟಾ ಏಸ್ ಬಂತು. ಎರಡೇ ಸಿಲಿಂಡರಿನ, ಸುಮಾರು 16 ಅಶ್ವಶಕ್ತಿಯ ಡೀಸೆಲ್ ಇಂಜಿನು, ಮುಕ್ಕಾಲು ಟನ್ನಿನ ಹೊರೆ. ಜನ ಅದನ್ನು 'ಛೋಟಾ ಹಾಥಿ' ಎಂದರು. ಮೂರು ಗಾಲಿಯ ಗಾಡಿ ಓಡಿಸುತ್ತಿದ್ದ ಎಷ್ಟೋ ಮಂದಿ ನಾಲ್ಕು ಗಾಲಿಗೆ ಬಂದದ್ದು ಅದರಿಂದಲೇ. ಅನಂತರ ಅಶೋಕ್ ಲೇಲ್ಯಾಂಡಿನ ದೋಸ್ತ್, ಮಾರುತಿಯ ಸೂಪರ್ ಕ್ಯಾರಿ, ಟಾಟಾ ಇಂಟ್ರಾ ಬಂದವು. ಮಹೀಂದ್ರದ ಬೊಲೆರೊ ಪಿಕಪ್ ಅಂತೂ ಎಲ್ಲ ಮಾರುಕಟ್ಟೆಗಳ ಬಾಗಿಲಲ್ಲೂ ಇದೆ. ಆಯ್ಕೆ ಹೆಚ್ಚಾದಂತೆ ಗೊಂದಲವೂ ಹೆಚ್ಚಾಯಿತು.

ಮೊದಲು ತೂಕ

ಅಳಿಯನ ಎದುರು ಒಂದು ಕಾಗದ ಇಟ್ಟು, "ದಿನಕ್ಕೆ ಎಷ್ಟು ಹಿಟ್ಟು ಸಾಗಿಸುತ್ತೀ?" ಎಂದೆ.

"ಇಪ್ಪತ್ತು ಕಿಲೋದ ಇಪ್ಪತ್ತು ಡಬ್ಬಿ, ಮಾಮಾ."

ಅಂದರೆ 400 ಕಿಲೋ. ಖಾಲಿ ಡಬ್ಬಿ, ಬುಟ್ಟಿಗಳಿಗೆ 70 ಕಿಲೋ. ಡಬ್ಬಿ ಇಳಿಸುವ ಹುಡುಗ 65 ಕಿಲೋ, ಅವನೂ ಹೊರೆಯೇ. ಒಟ್ಟು 535 ಕಿಲೋ. ಅವನು ದಿನವೂ ಹೋಗಬೇಕಾದ ದಾರಿ ವಡಾಲದಿಂದ ಮಾಟುಂಗ, ದಾದರ್, ಸಯನ್, ಚೆಂಬೂರು. ಎಲ್ಲ ಸೇರಿ 50 ಕಿಲೋಮೀಟರು ದಾಟದು. ಎಲ್ಲವೂ ಡಾಮರು, ಎಲ್ಲಿ ನೋಡಿದರೂ ಸಿಗ್ನಲು.

ಈ ಎರಡು ಸಾಲು ಬರೆದ ಮೇಲೆ ಆ ದೊಡ್ಡ ಪಿಕಪ್ಪಿನ ಹೊತ್ತಗೆ ತಾನಾಗಿಯೇ ಬದಿಗೆ ಸರಿಯಿತು. ತಿಂಗಳಲ್ಲಿ ಒಂದೆರಡು ದಿನ ಮದುವೆಯ ಆರ್ಡರು ಬಂದು ಒಂದು ಟನ್ ಸಾಮಾನಾದರೆ? ಅಂದಿಗೆ ಬಾಡಿಗೆ ಟೆಂಪೊ ತಂದರಾಯಿತು. ಇಪ್ಪತ್ತೆಂಟು ದಿನದ ಹೊರೆಗೆ ಗಾಡಿ ಕೊಳ್ಳಬೇಕು, ಎರಡು ದಿನದ ಹೊರೆಗಲ್ಲ.

ಎರಡು ಗಾಲಿಯೋ, ನಾಲ್ಕು ಗಾಲಿಯೋ?

ಫೋರ್‌ವೀಲ್ ಡ್ರೈವ್ ಎಂದರೆ ಇಂಜಿನಿನ ಶಕ್ತಿ ನಾಲ್ಕೂ ಗಾಲಿಗೆ ಹೋಗುವ ಏರ್ಪಾಡು. ನಮ್ಮ ಸಾಮಾನ್ಯ ಟೆಂಪೊಗಳಲ್ಲಿ ಶಕ್ತಿ ಹೋಗುವುದು ಹಿಂದಿನ ಎರಡು ಗಾಲಿಗೆ. ಇದಕ್ಕೆ ಕಾರಣವಿದೆ. ಹೊರೆ ಬೀಳುವುದು ಹಿಂದೆ. ಭಾರ ಬಿದ್ದ ಗಾಲಿ ನೆಲವನ್ನು ಗಟ್ಟಿಯಾಗಿ ಹಿಡಿಯುತ್ತದೆ. ತುಂಬಿದ ಟೆಂಪೊ ಏರು ಹತ್ತುವಾಗ ಭಾರ ಇನ್ನಷ್ಟು ಹಿಂದಕ್ಕೆ ವಾಲಿ ಹಿಡಿತ ಹೆಚ್ಚುತ್ತದೆ. ಅದೇ ಗಾಡಿ ಖಾಲಿಯಿದ್ದಾಗ ಒದ್ದೆ ಏರಿನಲ್ಲಿ ಹಿಂಗಾಲಿ ಜಾರುವುದುಂಟು. ಆಗ ಬೇಕಾದದ್ದು ಒಳ್ಳೆಯ ಟಯರು ಮತ್ತು ನಿಧಾನ.

ನಾಲ್ಕು ಗಾಲಿಯ ಏರ್ಪಾಡಿಗೆ ಹೆಚ್ಚಿನ ಗೇರು ಪೆಟ್ಟಿಗೆ, ಮುಂದಿನ ಆಕ್ಸಲಿಗೆ ಇನ್ನೊಂದು ಡಿಫರೆನ್ಷಿಯಲ್, ಇನ್ನೊಂದು ಶಾಫ್ಟು ಬೇಕು. ಅವುಗಳ ತೂಕವನ್ನು ಗಾಡಿ ದಿನವೂ ಹೊರಬೇಕು, ಇಂಧನ ನೀವು ತುಂಬಬೇಕು. ಬಹಳಷ್ಟು ಪಿಕಪ್ಪುಗಳಲ್ಲಿ ಈ ಏರ್ಪಾಡನ್ನು ಬೇಕಾದಾಗ ಮಾತ್ರ ಜೋಡಿಸಿಕೊಳ್ಳುವುದು. ಅದನ್ನು ಒಣ ಡಾಮರಿನಲ್ಲಿ ಹಾಕಿಕೊಂಡು ಓಡಿಸಬಾರದು. ತಿರುವಿನಲ್ಲಿ ಮುಂದಿನ ಮತ್ತು ಹಿಂದಿನ ಗಾಲಿಗಳು ಕ್ರಮಿಸುವ ದೂರ ಬೇರೆ ಬೇರೆಯಾಗಿ ಗೇರು, ಶಾಫ್ಟುಗಳ ಮೇಲೆ ಒತ್ತಡ ಬೀಳುತ್ತದೆ. ಅಂದರೆ ವಡಾಲದಲ್ಲಿ ಅದನ್ನು ಬಳಸುವ ದಿನಗಳೇ ಇಲ್ಲವೆನ್ನಬಹುದು.

"ಮಳೆಗಾಲದಲ್ಲಿ ಗಾಂಧಿ ಮಾರ್ಕೆಟಿನ ನೀರಲ್ಲಿ ಬೇಕಾಗುತ್ತದಲ್ಲ?" ಎಂದ ಹುಡುಗ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಸುರಿದದ್ದನ್ನು ಕಂಡ ನಮಗೆ ಆ ಭಯ ಅರ್ಥವಾಗುತ್ತದೆ. ಆದರೆ ನೀರಿನಲ್ಲಿ ಗಾಡಿ ನಿಲ್ಲುವುದು ಗಾಲಿ ಜಾರಿದ್ದರಿಂದಲ್ಲ, ಇಂಜಿನು ಗಾಳಿ ಎಳೆದುಕೊಳ್ಳುವ ಕೊಳವೆಗೆ ನೀರು ಹೊಕ್ಕಿದ್ದರಿಂದ. ಆ ಕೊಳವೆ ಎಷ್ಟು ಎತ್ತರದಲ್ಲಿದೆ ಎಂದು ಕೇಳಿ ತಿಳಿದುಕೊಳ್ಳಿ. ನೀರು ನಿಂತ ರಸ್ತೆಗೆ ಇಳಿಯದಿರುವುದು ಎಲ್ಲಕ್ಕಿಂತ ಮೇಲು.

ಹಾಗಾದರೆ ಫೋರ್‌ವೀಲ್ ಯಾರಿಗೆ? ಊರಲ್ಲಿ ಅಡಿಕೆ ತೋಟಕ್ಕೆ ಕೆಸರಿನ ಏರುದಾರಿಯಲ್ಲಿ ದಿನವೂ ಗೊಬ್ಬರ ಸಾಗಿಸುವವರಿಗೆ, ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದವರಿಗೆ ಅದು ಆಡಂಬರವಲ್ಲ, ಅಗತ್ಯ. ನಮ್ಮ ಕರ್ನಾಟಕದ ಬಿಡದಿಯಲ್ಲಿ ಜೋಡಿಸುವ ಟೊಯೋಟಾ ಹೈಲಕ್ಸ್ 2022ರಲ್ಲಿ ಇಲ್ಲಿನ ಮಾರುಕಟ್ಟೆಗೆ ಬಂದಾಗ ಸ್ಟ್ಯಾಂಡರ್ಡ್, ಹೈ ಎಂಬ ಎರಡು ದರ್ಜೆಗಳಲ್ಲಿ ಬಂತು. ಎರಡರಲ್ಲೂ ಫೋರ್‌ವೀಲ್ ಇತ್ತು. ಅಂತಹ ಕಡೆ ಕೆಸರು ದಾಟಿಸುವ ಗುಣ ಕೆಳಗಿನ ದರ್ಜೆಯಲ್ಲೇ ಸಿಗುತ್ತದೆ. ಮೇಲಿನದಕ್ಕೆ ಕೊಡುವ ಹೆಚ್ಚಿನ ಹಣ ಬಹುಪಾಲು ಸುಖಕ್ಕೆ. ಇಸುಜು ವಿ-ಕ್ರಾಸ್‌ನಂತಹ ಗಾಡಿಯಲ್ಲಿ ಎರಡು ಗಾಲಿಯದೂ ಇದೆ, ನಾಲ್ಕು ಗಾಲಿಯದೂ ಇದೆ. ನೋಡಲು ಒಂದೇ ತರಹ ಇರುವುದರಿಂದ ಕೊಳ್ಳುವಾಗ ಕೇಳಿಕೊಳ್ಳಬೇಕು.

ಅಳಿಯನಿಗೆ ಇಷ್ಟೇ ಹೇಳಿದೆ: "ಊರಿಗೆ ವರ್ಷಕ್ಕೊಮ್ಮೆ ಹೋಗುವುದಕ್ಕೆ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಇದೆಯಲ್ಲ ಮಾರಾಯ!"

ಡೀಸೆಲ್, ಸಿಎನ್‌ಜಿ, ಕರೆಂಟು

ಒಂದೂವರೆ ಟನ್ ಹೊತ್ತು ಪುಣೆ, ನಾಸಿಕಕ್ಕೆ ಓಡುವವರಿಗೆ ಡೀಸೆಲ್ ಇಂದಿಗೂ ಸರಿ. ಆದರೆ 2020ರ ಏಪ್ರಿಲಿನಿಂದ ಬಿಎಸ್-6 ನಿಯಮ ಬಂದ ಮೇಲೆ ಅನೇಕ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರಿದೆ. ಅದು ಸುಟ್ಟು ಶುದ್ಧವಾಗಲು ಗಾಡಿ ಆಗಾಗ ಒಂದೇ ವೇಗದಲ್ಲಿ ಸ್ವಲ್ಪ ದೂರ ಓಡಬೇಕು. ಸಿಗ್ನಲಿನಿಂದ ಸಿಗ್ನಲಿಗೆ ಓಡುವ ಟೆಂಪೊಗೆ ಅದು ತಲೆನೋವು. ಮೇಲಾಗಿ 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟಿನ ಸೂಚನೆಯಂತೆ, ಮುಂಬಯಿಯಲ್ಲಿ ಪೆಟ್ರೋಲ್, ಡೀಸೆಲ್ ಗಾಡಿಗಳನ್ನು ಹಂತಹಂತವಾಗಿ ನಿಲ್ಲಿಸಬಹುದೇ ಎಂದು ನೋಡಲು ಸರಕಾರ ಒಂದು ಸಮಿತಿ ನೇಮಿಸಿತು. ಎಂಟು ಹತ್ತು ವರ್ಷ ಗಾಡಿ ಇಟ್ಟುಕೊಳ್ಳುವವರು ಇದನ್ನೂ ಮನಸ್ಸಿನಲ್ಲಿಡಬೇಕು.

ಸಿಎನ್‌ಜಿ ನಗರಕ್ಕೆ ಹೇಳಿ ಮಾಡಿಸಿದ್ದು. ಆದರೆ ಸಿಲಿಂಡರು ಭಾರ. ಸೂಪರ್ ಕ್ಯಾರಿಯ ಪೆಟ್ರೋಲ್ ಗಾಡಿ 740 ಕಿಲೋ ಹೊರುತ್ತದೆ, ಅದರದೇ ಸಿಎನ್‌ಜಿ ಗಾಡಿ 625 ಕಿಲೋ. ಸುಮಾರು ಆರು ಡಬ್ಬಿ ಹಿಟ್ಟಿನಷ್ಟು ವ್ಯತ್ಯಾಸ! ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು.

ನಾವು ಈ ಲೆಕ್ಕದಲ್ಲಿರುವಾಗಲೇ, 2025ರ ನವೆಂಬರ್ 16ರಂದು, ಚೆಂಬೂರಿನ ಆರ್‌ಸಿಎಫ್ ಆವರಣದೊಳಗೆ ಮುಖ್ಯ ಗ್ಯಾಸ್ ಕೊಳವೆಗೆ ಧಕ್ಕೆಯಾಗಿ ನಮ್ಮ ವಡಾಲದ ಗ್ಯಾಸ್ ಕೇಂದ್ರಕ್ಕೆ ಬರುವ ಪೂರೈಕೆ ಕುಂಠಿತವಾಯಿತು. ಮುಂಬಯಿ, ಠಾಣೆ, ನವಿ ಮುಂಬಯಿಯ ಪಂಪುಗಳ ಮುಂದೆ ರಿಕ್ಷಾ, ಟ್ಯಾಕ್ಸಿ, ಟೆಂಪೊಗಳ ಉದ್ದುದ್ದ ಸಾಲು. ಹುಳಿ ಬರುವ ಹಿಟ್ಟು ಎರಡು ದಿನ ಕಾಯುವುದಿಲ್ಲ. ಸಿಎನ್‌ಜಿ ಕೊಳ್ಳುವುದಾದರೆ ಜೊತೆಗೆ ಪೆಟ್ರೋಲ್ ಟ್ಯಾಂಕು ಇರುವುದನ್ನೇ ಕೊಳ್ಳಬೇಕೆಂದು ಅಂದು ಅಳಿಯ ತಾನಾಗಿಯೇ ಹೇಳಿದ. ಸೂಪರ್ ಕ್ಯಾರಿಯ ಸಿಎನ್‌ಜಿಯಲ್ಲಿ ಅದು ಐದೇ ಲೀಟರು. ಆದರೆ ಐದು ಲೀಟರಿನಲ್ಲಿ ಒಂದು ದಿನದ ಗಿರಾಕಿ ಉಳಿಯುತ್ತಾನೆ.

ಕರೆಂಟಿನ ಗಾಡಿಯನ್ನೂ ನೋಡಿದೆವು. 2022ರಲ್ಲಿ ಬಂದ ಟಾಟಾ ಏಸ್ ಇವಿಯಲ್ಲಿ 21.3 ಯುನಿಟ್ಟಿನ ಬ್ಯಾಟರಿ, 600 ಕಿಲೋ ಹೊರೆ, ಪ್ರಮಾಣಪತ್ರದ ಪ್ರಕಾರ 154 ಕಿಲೋಮೀಟರು ಓಟ. ಹೊರೆ ಹೊತ್ತಾಗ ಅಷ್ಟು ಓಡದಿದ್ದರೂ 50 ಕಿಲೋಮೀಟರಿಗೆ ಧಾರಾಳ ಸಾಕು. ಗೇರು ಬದಲಿಸುವ ಕಷ್ಟವಿಲ್ಲ, ಬೆಳಗಿನ ಜಾವ ಸದ್ದಿಲ್ಲ. ಆದರೆ ರಾತ್ರಿ ಚಾರ್ಜು ಎಲ್ಲಿ? ಅಳಿಯನ ಮನೆ ಹಳೆಯ ಕಟ್ಟಡದ ಮೂರನೆಯ ಮಾಳಿಗೆಯಲ್ಲಿ, ಗಾಡಿ ನಿಲ್ಲುವುದು ರಸ್ತೆಯಲ್ಲಿ. ಸ್ವಂತ ಜಾಗ, ಸ್ವಂತ ಮೀಟರು ಇರುವವರು ಇದನ್ನೇ ಮೊದಲು ನೋಡಿ. ಇಲ್ಲದವರು ಜಾಗ ಸಿಗುವವರೆಗೆ ಕಾಯಿರಿ.

ಟಾಪ್ ಮಾಡೆಲಿನ ಮೋಹ

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆ ಗಾಡಿಯ ದರ್ಜೆ ಆರಿಸುವವರಿಗೆಂದೇ ಇದ್ದಂತಿದೆ. ನನ್ನ ಸೂತ್ರ ಸರಳ. ಆಮೇಲೆ ಹಾಕಿಸಬಹುದಾದದ್ದಕ್ಕೆ ಈಗ ಹಣ ಕೊಡಬೇಡಿ. ಆಮೇಲೆ ಹಾಕಿಸಲಾಗದ್ದನ್ನು ಈಗ ಬಿಡಬೇಡಿ.

ಸೀಟಿನ ಕವರು, ಸ್ಟೀರಿಯೋ, ಗಾಲಿಯ ಕ್ಯಾಪು, ಮೊಬೈಲು ಚಾರ್ಜರು ಯಾವಾಗ ಬೇಕಾದರೂ ಬರುತ್ತವೆ. ಪವರ್ ಸ್ಟೀರಿಂಗು, ಬಾಡಿಯ ಉದ್ದ, ಹಿಂದಿನ ಆಕ್ಸಲು, ಕಮಾನು ಪಟ್ಟಿಯ ಬಲ, ಏರ್‌ಬ್ಯಾಗು ಹಾಗಲ್ಲ. ದಿನಕ್ಕೆ ನೂರು ಸಲ ತಿರುಗಿಸುವ ಸ್ಟೀರಿಂಗು ಭಾರವಾದರೆ ನಲವತ್ತರ ವಯಸ್ಸಿಗೇ ಭುಜ ಹೇಳುತ್ತದೆ. ಎಸಿ ಈಗ ಶೋಕಿಯಲ್ಲ. 2025ರ ಅಕ್ಟೋಬರಿನಿಂದ ತಯಾರಾಗುವ ದೊಡ್ಡ ಟ್ರಕ್ಕುಗಳ ಕ್ಯಾಬಿನಿಗೆ ಎಸಿ ಕಡ್ಡಾಯ, 3.5 ಟನ್ನಿನೊಳಗಿನ ಗಾಡಿಗಳಿಗೆ ಆ ನಿಯಮವಿಲ್ಲದ್ದರಿಂದ ನೀವೇ ಕೇಳಿ ಪಡೆಯಬೇಕು.

ಹೆಸರನ್ನೂ ಸರಿಯಾಗಿ ಓದಿ. ಬೊಲೆರೊ ಮ್ಯಾಕ್ಸ್ ಪಿಕಪ್ಪಿನಲ್ಲಿ 'ಸಿಟಿ', 'ಎಚ್‌ಡಿ' ಎಂಬ ಎರಡು ಸಾಲುಗಳಿವೆ. ಎಚ್‌ಡಿ ದೊಡ್ಡ ದರ್ಜೆಯಲ್ಲ, ಭಾರದ ಹೊರೆಗೆ ಮಾಡಿದ ಗಾಡಿ.

ಕಾಗದಪತ್ರದ ಎರಡು ಮಾತು

ಒಟ್ಟು ತೂಕ 7,500 ಕಿಲೋದೊಳಗಿನ ಸರಕು ಗಾಡಿಯನ್ನು ಕಾರಿನ ಲೈಸೆನ್ಸಿನಲ್ಲೇ ಓಡಿಸಬಹುದೆಂದು 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿದೆ. ಆದರೆ ಸರಕಿನ ಬಾಡಿಯಲ್ಲಿ ಜನರನ್ನು ಕೂರಿಸಿಕೊಂಡು ಹೋಗುವುದು ಕಾನೂನಿಗೆ ವಿರುದ್ಧ. ಸಂಘದ ಪಿಕ್‌ನಿಕ್ಕಿಗೆ ಗೆಳೆಯರನ್ನು ಹಿಂದೆ ಹತ್ತಿಸುವ ಮುನ್ನ ನೆನಪಿಡಿ. ಅಪಘಾತವಾದರೆ ವಿಮೆಯ ಹಣವೂ ಕೈಕೊಡಬಹುದು. ತಿಂಗಳ ಕಂತನ್ನು 25 ದಿನಕ್ಕೆ ಭಾಗಿಸಿ ನೋಡಿ. ಆ ಮೊತ್ತ ಮಧ್ಯಾಹ್ನ ಹನ್ನೆರಡರೊಳಗೆ ದುಡಿದು ಬರುವಂತಿದ್ದರೆ ಮಾತ್ರ ಸಹಿ ಹಾಕಿ.

ಅಳಿಯ ಕೊನೆಗೆ ಕೊಂಡದ್ದು ಹಿಂಗಾಲಿಗೆ ಶಕ್ತಿಯ, ಪೆಟ್ರೋಲ್ ಟ್ಯಾಂಕು ಜೊತೆಗಿರುವ ಸಿಎನ್‌ಜಿಯ ಸಣ್ಣ ಟೆಂಪೊ. ನಮ್ಮ ವಡಾಲದ ಆರ್‌ಟಿಒದ ಎಂಎಚ್-03 ನಂಬರು ಬಂದಿದೆ. ಉಳಿದ ಹಣದಲ್ಲಿ ಒಂದು ದೊಡ್ಡ ಗ್ರೈಂಡರು ಬಂತು, ಸ್ವಲ್ಪ ಬ್ಯಾಂಕಿನಲ್ಲೂ ಉಳಿಯಿತು. ಮೊದಲ ದಿನ ಬೆಳಗಿನ ಐದಕ್ಕೆ ಇಪ್ಪತ್ತು ಡಬ್ಬಿ ಹೇರಿದಾಗ, ಹುಡುಗನ ಪಕ್ಕದ ಸೀಟಿನಲ್ಲಿ ಕುಳಿತವರು ಭಾವ. "ಗಲ್ಲಾದಿಂದ ರಸ್ತೆ ಇಷ್ಟು ಚೆನ್ನಾಗಿ ಕಾಣುತ್ತಿರಲಿಲ್ಲ" ಎಂದರಂತೆ.

ಮುಂದಿನ ಯಕ್ಷಗಾನಕ್ಕೆ ವೇಷದ ಪೆಟ್ಟಿಗೆಗಳನ್ನು ಅದೇ ಟೆಂಪೊದಲ್ಲಿ ತರಿಸೋಣವೆಂದು ಸಂಘದವರು ಈಗಾಗಲೇ ಮಾತಾಡಿಕೊಳ್ಳುತ್ತಿದ್ದಾರೆ. ತರಿಸಿ, ಸಂತೋಷ. ಆದರೆ ಹುಡುಗನಿಗೆ ಬಾಡಿಗೆ ಕೊಡಲು ಮರೆಯಬೇಡಿ. ಕಂತು ಇನ್ನೂ ಬಾಕಿ ಇದೆ!